ಬೆಳ್ಳಕ್ಕಿಯ ಹಿಂದೆ ನಿಂತಿದ್ದ ವ್ಯಾನು

ದಂತವೈದ್ಯರು ಆ ಚಿತ್ರವನ್ನು ನನ್ನ ಅಂಗಡಿಗೆ ತಂದದ್ದು ನವೆಂಬರಿನ ಒಂದು ಸೋಮವಾರ. ಪೆನ್‌ಡ್ರೈವನ್ನು ಕೌಂಟರಿನ ಮೇಲೆ ಇಟ್ಟ ರೀತಿಯಲ್ಲೇ ಒಳಗೆ ಅಪೂರ್ವವಾದದ್ದು ಏನೋ ಇದೆ ಎಂದು ನಾನು ತಿಳಿದುಕೊಳ್ಳಬೇಕಿತ್ತು. ತೆರೆದು ನೋಡಿದರೆ ಒಂದು ಬೆಳ್ಳಕ್ಕಿ. ಗದ್ದೆಯಿಂದ ಮೇಲಕ್ಕೆ ಏಳುತ್ತಿದೆ, ರೆಕ್ಕೆ ಪೂರ್ತಿ ಬಿಚ್ಚಿದೆ. ಹಿಂದೆ ಮಂಜು, ಮಂಜಿನಲ್ಲಿ ಮಸುಕಾಗಿ ಹೋಗುತ್ತಿರುವ ರೈಲು, ಕೆಂಪು ಬಿಳಿ ಪಟ್ಟಿಯ ಗೇಟು. ಕಾಣಿಯೂರಿನ ಆಚೆ ರೈಲ್ವೆ ಗೇಟಿನ ಪಕ್ಕದ ಗದ್ದೆಯಲ್ಲಿ ಶನಿವಾರ ಬೆಳಿಗ್ಗೆ ತೆಗೆದದ್ದಂತೆ.

ಪುತ್ತೂರಿನ ದರ್ಬೆಯ ನನ್ನ ಅಂಗಡಿಯಲ್ಲಿ ನಡೆಯುವುದು ಕ್ಯಾಮೆರಾ ರಿಪೇರಿ, ಲೆನ್ಸಿನ ಬೂಷ್ಟು ತೆಗೆಯುವುದು, ದೊಡ್ಡ ಪ್ರಿಂಟು ಹಾಕುವುದು. ಇಲ್ಲಿ ಕೂತು ನೋಡಿದವನಾಗಿ ಹೇಳುತ್ತೇನೆ: ನಮ್ಮಲ್ಲಿ ಹವ್ಯಾಸಕ್ಕೆಂದು ಕ್ಯಾಮೆರಾ ಕೊಳ್ಳುವ ಬಹುಪಾಲು ಮಂದಿ ಕೊಳ್ಳುವುದು ಕ್ಯಾಮೆರಾವನ್ನಲ್ಲ, ಅದು ತೂಗುವ ಕುತ್ತಿಗೆಪಟ್ಟಿಯನ್ನು. ದಂತವೈದ್ಯರು ಕಟ್ಟಿದ ಫೋಟೋ ಕ್ಲಬ್ಬಿನಲ್ಲಿ ಒಂಬತ್ತು ಜನ ಇದ್ದರು. ಒಬ್ಬರು ಎರಡು ಕ್ಯಾಮೆರಾ ತೂಗುಹಾಕಿಕೊಂಡು ಎರಡರಲ್ಲೂ ಒಂದೇ ಮರಕುಟಿಗವನ್ನು ತೆಗೆಯುತ್ತಿದ್ದರು. ಇನ್ನೊಬ್ಬರ ಮನೆಯಲ್ಲಿ ಲೆನ್ಸಿಗೆಂದೇ ತೇವ ಹೀರುವ ಕಪಾಟು ಇತ್ತು. ಅದರ ಬಾಗಿಲು ವರ್ಷಕ್ಕೆ ಎರಡು ಸಲ ತೆರೆಯುತ್ತಿತ್ತು, ನೆಂಟರು ಬಂದಾಗ. ಎಲ್ಲರೂ ಕಾಡಿನ ಬಣ್ಣದ ಅಂಗಿ ಹಾಕಿಕೊಳ್ಳುತ್ತಿದ್ದರು. ಬೆಳ್ಳಕ್ಕಿ ಟ್ರ್ಯಾಕ್ಟರಿನ ಹಿಂದೆ ಮಾರು ದೂರದಲ್ಲಿ ಹುಳ ಹೆಕ್ಕುವ ಹಕ್ಕಿ. ಅದರ ಕಣ್ಣಿಗೆ ಬೀಳಬಾರದೆಂದು ಇವರು ಗದ್ದೆಯ ಬದುವಿನಲ್ಲಿ ಹೊಟ್ಟೆ ಎಳೆದುಕೊಂಡು ಹೋಗುತ್ತಿದ್ದರು. ಮೊಬೈಲಿನಲ್ಲಿ ತೆಗೆಯುವವರು ಮೇಲು ಎಂದು ನಾನು ಹೇಳುವುದಿಲ್ಲ. ಅವರು ತಮ್ಮ ಊಟದ ಎಲೆಯನ್ನೇ ನಾಲ್ಕು ಕೋನದಿಂದ ತೆಗೆದು, ಜಾಗ ತುಂಬಿತೆಂದು ಅಳುತ್ತಾ ಬರುವವರು. ಆದರೆ ಅವರು ಅದನ್ನು ಕಲೆ ಎನ್ನುವುದಿಲ್ಲ.

ದಂತವೈದ್ಯರ ಕ್ಯಾಮೆರಾ ದುಬೈಯಿಂದ ಬಂದದ್ದು. ಅದರ ಲೆನ್ಸಿಗೆ ಒಂದು ಮಗುವಿನ ತೂಕ. ಸೆಟ್ಟಿಂಗ್ ಮಾಡಿಕೊಡಲು ಮಾತ್ರ ನನ್ನಲ್ಲಿಗೆ ತಂದಿದ್ದರು. ಆ ದಿನ ಅರ್ಧ ಗಂಟೆ ಒಂದೊಂದೇ ಗುಂಡಿ ತೋರಿಸಿಕೊಟ್ಟಿದ್ದೆ. ಅವರು ತಲೆಯಾಡಿಸುತ್ತಾ ಮೊಬೈಲ್ ನೋಡುತ್ತಿದ್ದರು.

ಸೋಮವಾರದ ಕೆಲಸ ಸಣ್ಣದು. ಚಿತ್ರದ ಎಡಭಾಗದಲ್ಲಿ, ಗೇಟಿನ ಈಚೆ, ಒಂದು ಬಿಳಿ ವಾಹನ ನಿಂತಿತ್ತು. ಲೆನ್ಸು ಹಿನ್ನೆಲೆಯನ್ನೆಲ್ಲ ಬೆಣ್ಣೆಯಂತೆ ಕರಗಿಸಿದ್ದರಿಂದ ಅದು ಅಂಚಿಲ್ಲದ ಬಿಳಿ ಮುದ್ದೆಯಾಗಿತ್ತು, ನಡುವೆ ಹಳದಿಯ ಒಂದು ಗೀಟು.

“ಈ ಬಿಳಿ ಡಬ್ಬ ಒಂದು ತೆಗೀಬೇಕು ಮಾರಾಯ್ರೆ,” ಎಂದರು. “ಸರಿ ರೆಕ್ಕೆಯ ತುದಿಗೆ ತಾಗಿ ನಿಂತಿದೆ. ಚಿತ್ರ ಇಡೀ ಹಾಳು.”

ಚಿತ್ರ ಒಂದು ಸ್ಪರ್ಧೆಗೆ ಹೋಗುವುದಿತ್ತು. ಏನನ್ನೂ ಸೇರಿಸುವಂತಿಲ್ಲ, ಏನನ್ನೂ ತೆಗೆಯುವಂತಿಲ್ಲ ಎಂಬುದು ಅದರ ನಿಯಮ; ಕಳುಹಿಸುವವರು ಹಾಗೆಂದು ಸಹಿ ಹಾಕಬೇಕು. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮೂಲ ಫೈಲು ಕೇಳುವಷ್ಟು ದೊಡ್ಡ ಸ್ಪರ್ಧೆ ಅದಾಗಿರಲಿಲ್ಲ. ಸುಳ್ಳು ಸಹಿ ಅವರದು, ಕೆಲಸ ನನ್ನದು ಎಂದು ಒಪ್ಪಿಕೊಂಡೆ.

ಗದ್ದೆಯ ಹಸಿರನ್ನು ಪಕ್ಕದಿಂದ ತಂದು ಚಕ್ರಗಳ ಮೇಲೆ ಮೆತ್ತಿದೆ. ಮಂಜನ್ನು ತಂದು ಮೈಯ ಮೇಲೆ ಎಳೆದೆ. ವಾಹನದ ನೆತ್ತಿ ರೈಲಿನ ಒಂದು ಬೋಗಿಯನ್ನು ಮರೆಮಾಡಿತ್ತು; ಅಲ್ಲಿಗೆ ಪಕ್ಕದ ಬೋಗಿಯ ಕಿಟಕಿಗಳನ್ನು ನಕಲು ಮಾಡಿ ಕೂರಿಸಿದೆ. ಲೆಕ್ಕ ಹಾಕಿದರೆ ಆ ಬೋಗಿಗೆ ಎರಡು ಕಿಟಕಿ ಹೆಚ್ಚು ಬಂದಿತ್ತು. ಹೆಚ್ಚಿದ್ದರೆ ಇರಲಿ ಎಂದು ಬಿಟ್ಟೆ. ಇಂಥ ಚಿತ್ರಕ್ಕೆ ಬಹುಮಾನ ಕೊಡುವವರು ರೈಲಿನ ಕಿಟಕಿ ಎಣಿಸುವವರಲ್ಲ ಎಂಬ ನನ್ನ ಅಂದಾಜು ಸರಿಯಾಗಿತ್ತು. ಮೂರು ವಾರದಲ್ಲಿ ಮೊದಲ ಬಹುಮಾನ ಬಂತು. ನಾನೇ ದೊಡ್ಡ ಪ್ರಿಂಟು ಹಾಕಿ, ಚೌಕಟ್ಟು ಕಟ್ಟಿ, ಮೂಲೆಯಲ್ಲಿ ಅಂಗಡಿಯ ಸಣ್ಣ ಮುದ್ರೆ ಒತ್ತಿ, ಅವರ ಕ್ಲಿನಿಕ್ಕಿನ ಗೋಡೆಗೆ ತೂಗುಹಾಕಿ ಬಂದೆ.

ಆ ಮುದ್ರೆಯ ಹೆಸರು ಹಿಡಿದುಕೊಂಡು ಒಬ್ಬ ಹೆಂಗಸು ನನ್ನ ಅಂಗಡಿಗೆ ಬಂದಳು. ಸವಣೂರಿನವಳು, ಬಟ್ಟೆ ಹೊಲಿಯುವ ಕೆಲಸದವಳು. ತಲೆಯ ಮೇಲಿನ ಶಾಲನ್ನು ಸರಿಮಾಡಿಕೊಂಡು, ಕ್ಯಾಮೆರಾಗಳಿದ್ದ ಗಾಜಿನ ಕಪಾಟನ್ನು ಮುಟ್ಟಬಾರದೆಂದು ಕೈಯನ್ನು ಹಿಂದಕ್ಕೆ ಎಳೆದುಕೊಂಡು ನಿಂತಳು.

ಅವಳು ಹೇಳಿದ್ದು ಇಷ್ಟು. ಅವಳ ತಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವ ವ್ಯಾನಿನ ಚಾಲಕ. ತಿಂಗಳ ಹಿಂದೆ ಒಂದು ಶನಿವಾರ ಬೆಳಿಗ್ಗೆ ಸವಣೂರಿನ ಈಚೆಯ ತಿರುವಿನಲ್ಲಿ, ಡೈರಿಗೆ ಹಾಲು ಒಯ್ಯುತ್ತಿದ್ದ ಒಬ್ಬ ಮುದುಕರಿಗೆ ವ್ಯಾನೊಂದು ಬಡಿದು ನಿಲ್ಲದೆ ಹೋಗಿತ್ತು. ಅವರ ಸೊಂಟದ ಎಲುಬು ಮುರಿದಿತ್ತು. ನೋಡಿದ ಒಬ್ಬರು ಬಿಳಿ ವ್ಯಾನು, ಹಳದಿ ಪಟ್ಟಿ ಎಂದಿದ್ದರು. ಆ ದಾರಿಯಲ್ಲಿ ಓಡಾಡುವ ಅಂಥ ವ್ಯಾನು ತಮ್ಮನದು. ಮುಂದಿನ ಬಂಪರಿನಲ್ಲಿ ಹಳೆಯದೊಂದು ತಗ್ಗು ಬೇರೆ ಇತ್ತು. ವ್ಯಾನು ಠಾಣೆಯ ಅಂಗಳ ಸೇರಿತು, ಶಾಲೆಯವರು ಅವನನ್ನು ಕೆಲಸದಿಂದ ಬಿಡಿಸಿದರು. ಆ ಹೊತ್ತಿಗೆ ತಾನು ಕಾಣಿಯೂರಿನ ಗೇಟಿನಲ್ಲಿ ರೈಲು ಕಾಯುತ್ತಿದ್ದೆ ಎಂದು ಅವನು ಮೊದಲ ದಿನದಿಂದ ಹೇಳುತ್ತಿದ್ದ. ಮೊದಲ ಮಗುವನ್ನು ಹತ್ತಿಸಿಕೊಳ್ಳಲು ಹೋಗುತ್ತಿದ್ದುದರಿಂದ ವ್ಯಾನಿನಲ್ಲಿ ಬೇರೆ ಯಾರೂ ಇರಲಿಲ್ಲ. ಮೊಬೈಲು ಮನೆಯಲ್ಲಿ ಚಾರ್ಜಿಗಿಟ್ಟಿದ್ದ. ಗೇಟಿನವನಿಗೆ ದಿನಕ್ಕೆ ಎಷ್ಟೋ ವ್ಯಾನು, ನೆನಪಿಲ್ಲ ಎಂದಿದ್ದ. ಉಳಿದದ್ದು ಒಂದೇ: ಗದ್ದೆಯಲ್ಲಿ ಕ್ಯಾಮೆರಾ ಹಿಡಿದುಕೊಂಡು ಕೆಲವರು ಮಲಗಿದ್ದರು ಎಂದು ಅವನು ಹೇಳಿದ್ದ.

ಕಾಣಿಯೂರಿನ ಹೋಟೆಲಿನಲ್ಲಿ ವಿಚಾರಿಸಿ, ಆ ದಿನ ಅಲ್ಲಿ ಬನ್ಸ್ ತಿಂದ ಕ್ಯಾಮೆರಾದವರಲ್ಲಿ ಒಬ್ಬರು ಪುತ್ತೂರಿನ ಹಲ್ಲಿನ ಡಾಕ್ಟರು ಎಂದು ಅವಳು ಪತ್ತೆ ಮಾಡಿದ್ದಳು. ಕ್ಲಿನಿಕ್ಕಿಗೆ ಮೂರು ಸಲ ಹೋದಳು. ಅಪಾಯಿಂಟ್‌ಮೆಂಟ್ ಇಲ್ಲದೆ ನೋಡುವುದಿಲ್ಲ ಎಂದರು. ಮೂರನೆಯ ಸಲ ಕಾಯುತ್ತಾ ಕೂತವಳಿಗೆ ಎದುರು ಗೋಡೆಯಲ್ಲಿ ಚಿತ್ರ ಕಂಡಿತು.

“ಅದರಲ್ಲಿ ಗೇಟು ಉಂಟು, ರೈಲು ಉಂಟು,” ಎಂದಳು. “ನನ್ನ ತಮ್ಮನ ವ್ಯಾನು ಇಲ್ಲ. ಅದು ಅದೇ ದಿನದ್ದಾ, ಬೇರೆ ದಿನದ್ದಾ ಅಂತ ಕೇಳ್ಲಿಕ್ಕೆ ಬಂದದ್ದು.”

ಗೊತ್ತಿಲ್ಲ ಎಂದೆ. ಗಿರಾಕಿಗಳು ಫೈಲು ತರುತ್ತಾರೆ, ನಾವು ಪ್ರಿಂಟು ಹಾಕುತ್ತೇವೆ, ದಿನ ಗಿನ ನೋಡುವುದಿಲ್ಲ ಎಂದೆ. ಬಾಯಿಗೆ ಅಷ್ಟು ಸಲೀಸಾಗಿ ಬಂತು. ಅವಳು ಹೋಗಲು ತಿರುಗಿದವಳು ಬಾಗಿಲಲ್ಲಿ ನಿಂತಳು.

“ಒಪ್ಪಿಕೊಂಡ್ರೆ ಇನ್ಶೂರೆನ್ಸಿನವರು ಕೊಡ್ತಾರೆ, ಮುಗೀತದೆ ಅಂತ ಎಲ್ಲರೂ ಹೇಳುದು. ಅವ ಒಪ್ಪುದಿಲ್ಲ. ಬಿದ್ದವರನ್ನು ಬಿಟ್ಟು ಹೋದೆ ಅಂತ ಹೇಗೆ ಹೇಳುದು, ಹೋಗ್ಲಿಲ್ಲವಲ್ಲ ಅಂತಾನೆ. ಆ ಫೋಟೋ ನೋಡಿದ ಮೇಲೆ ಅವನ ಮುಖ ನೋಡ್ಲಿಕ್ಕೆ ನನಗೆ ಕಷ್ಟ ಆಗ್ತಾ ಉಂಟು. ಅವ ಸುಳ್ಳು ಹೇಳುವವ ಅಲ್ಲ.”

ಅವಳು ಹೋದ ಮೇಲೆ ಸ್ವಲ್ಪ ಹೊತ್ತು ನಾನು ಒಂದು ಲೆನ್ಸಿನ ತಿರುಪು ಬಿಚ್ಚುತ್ತಾ ಕೂತಿದ್ದೆ. ಬಿಚ್ಚಿದ್ದನ್ನೇ ಪುನಃ ಹಾಕುತ್ತಿದ್ದೆ ಎಂದು ಆಮೇಲೆ ಗೊತ್ತಾಯಿತು.

ಸಂಜೆ ಕಂಪ್ಯೂಟರಿನಲ್ಲಿ ಹುಡುಕಿದೆ. ಮೂಲ ಫೈಲು ಇತ್ತು. ಬಿಳಿ ಮುದ್ದೆ ಅಲ್ಲೇ ನಿಂತಿತ್ತು. ಆದರೆ ಅದನ್ನು ಎಷ್ಟು ಹಿಗ್ಗಿಸಿದರೂ ಬಿಳಿ ಮುದ್ದೆಯೇ. ನಂಬರ್ ಪ್ಲೇಟು ಇರಬೇಕಾದಲ್ಲಿ ಒಂದು ಬೂದು ಕಲೆ. ಹರಿತ ಮಾಡುವ ಎಲ್ಲ ಉಪಾಯಗಳನ್ನೂ ಮಾಡಿ ನೋಡಿದೆ. ಕಲೆ ಇನ್ನಷ್ಟು ಒರಟಾಯಿತೇ ಹೊರತು ಅಂಕಿಯಾಗಲಿಲ್ಲ. ಕ್ಯಾಮೆರಾ ದಾಖಲಿಸದೇ ಇದ್ದದ್ದನ್ನು ಯಾವ ತಂತ್ರಾಂಶವೂ ಹುಡುಕಿ ಕೊಡುವುದಿಲ್ಲ, ಬೇಕಾದರೆ ಹುಟ್ಟಿಸಿಕೊಡುತ್ತದೆ. ಹುಟ್ಟಿಸುವ ಕೆಲಸವನ್ನು ನಾನು ಒಮ್ಮೆ ಮಾಡಿಯಾಗಿತ್ತು. ಹಿನ್ನೆಲೆ ಕರಗಬೇಕು ಎಂದೇ ಈ ಜನ ಇಂಥ ಲೆನ್ಸು ಕೊಳ್ಳುವುದು. ಹಕ್ಕಿಯ ಒಂದೊಂದು ಗರಿ ಎಣಿಸಬಹುದು, ಅದರ ಹಿಂದೆ ಇದ್ದ ಊರು ಮಾತ್ರ ಇಲ್ಲ.

ಫೈಲಿನಲ್ಲಿ ಹೊತ್ತು ಬೆಳಿಗ್ಗೆ ಆರು ಗಂಟೆ ಹದಿನಾಲ್ಕು ನಿಮಿಷ ಎಂದಿತ್ತು. ಆರು ಹದಿನಾಲ್ಕಕ್ಕೆ ಅಷ್ಟು ಬೆಳಕು ಬರುವುದಿಲ್ಲ. ಒಂದೂವರೆ ಗಂಟೆ ಹಿಂದೆ, ಅಂದರೆ ಅದು ದುಬೈಯ ಹೊತ್ತು. ಲಕ್ಷಗಟ್ಟಲೆಯ ಯಂತ್ರವನ್ನು ಎರಡು ವರ್ಷ ಕುತ್ತಿಗೆಯಲ್ಲಿ ಹೊತ್ತವರು ಅದರ ಗಡಿಯಾರವನ್ನು ಒಮ್ಮೆಯೂ ನೋಡಿರಲಿಲ್ಲ. ಸೆಟ್ಟಿಂಗ್ ಮಾಡಿಕೊಟ್ಟವನು ನಾನು, ನಾನೂ ನೋಡಿರಲಿಲ್ಲ.

ಮರುದಿನ ಕ್ಲಬ್ಬಿನ ಉಳಿದವರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ, ಆ ದಿನದ ಫೈಲುಗಳಿದ್ದರೆ ಕಳಿಸಿ ಎಂದೆ. ಐದು ಜನ ಕಳಿಸಿದರು. ಎರಡು ಸಾವಿರಕ್ಕೂ ಹೆಚ್ಚು ಚಿತ್ರ, ಎಲ್ಲದರಲ್ಲೂ ಬೆಳ್ಳಕ್ಕಿ. ಬೆಳ್ಳಕ್ಕಿಯ ಕೊಕ್ಕು, ಬೆಳ್ಳಕ್ಕಿಯ ಕಣ್ಣು, ಬೆಳ್ಳಕ್ಕಿಯ ಹಿಂಭಾಗ. ಒಬ್ಬರ ಕ್ಯಾಮೆರಾದಲ್ಲಿ ವರ್ಷವೇ ಬೇರೆ. ಬ್ಯಾಟರಿ ಸತ್ತು ಎದ್ದಾಗಲೆಲ್ಲ ಅದು ಜನವರಿ ಒಂದರಿಂದ ಶುರುವಾಗುತ್ತಿತ್ತು. ಒಬ್ಬರು ರೈಲನ್ನೂ ತೆಗೆದಿದ್ದರು, ಆದರೆ ಗೇಟನ್ನು ಬಿಟ್ಟು. ಎರಡು ಕ್ಯಾಮೆರಾದವರು ಆ ಹೊತ್ತಿನಲ್ಲಿ ಲೆನ್ಸು ಬದಲಾಯಿಸುತ್ತಿದ್ದರಂತೆ. ಒಂಬತ್ತು ಜನ, ಹತ್ತು ಕ್ಯಾಮೆರಾ, ಮೂವತ್ತು ಮಾರು ದೂರದಲ್ಲಿ ಒಂದು ಶಾಲೆಯ ವ್ಯಾನು. ಒಬ್ಬನ ಕಣ್ಣಿಗೂ ಬಿದ್ದಿರಲಿಲ್ಲ.

ಆ ಎರಡು ಸಾವಿರವನ್ನು ನೋಡುವಾಗ ಒಂದು ವಿಷಯ ಹೊಳೆಯಿತು. ದಂತವೈದ್ಯರು ಗುಂಡಿ ಒತ್ತಿದರೆ ಬೆರಳು ಎತ್ತುವವರಲ್ಲ. ಅವರ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ಚಿತ್ರ ಹೊಡೆಯುತ್ತದೆ. ನನಗೆ ಕೊಟ್ಟದ್ದು ಅವುಗಳಲ್ಲಿ ಆರಿಸಿದ ಒಂದು. ಹಕ್ಕಿ ಹಾರುವಾಗ ಕ್ಯಾಮೆರಾದ ಫೋಕಸು ಕೆಲವೊಮ್ಮೆ ಹಕ್ಕಿಯ ಹಿಡಿತ ತಪ್ಪಿ ಹಿಂದಕ್ಕೆ ನೆಗೆಯುತ್ತದೆ. ಆಗ ಹಕ್ಕಿ ಮಸುಕು, ಹಿನ್ನೆಲೆ ಸ್ಪಷ್ಟ. ಹವ್ಯಾಸಿಗಳು ನಾಚಿಕೆಪಟ್ಟು ಮೊದಲು ಅಳಿಸುವುದು ಇಂಥದ್ದನ್ನೇ. ನನಗೆ ಬೇಕಾದದ್ದು ಆ ಕೆಟ್ಟ ಚಿತ್ರ.

ಕ್ಲಿನಿಕ್ಕಿಗೆ ಹೋದೆ. ನನ್ನನ್ನು ಕಾಯಿಸಲಿಲ್ಲ. ವಿಷಯವನ್ನೆಲ್ಲ ಹೇಳಿದೆ. ಅವರು ಕೈಗವಸು ಕಳಚುತ್ತಾ ಕೇಳಿದರು. ಆ ಸರಣಿಯ ಉಳಿದದ್ದನ್ನೆಲ್ಲ ಅಂದೇ ಅಳಿಸಿಯಾಗಿದೆ ಎಂದರು. ನನ್ನಲ್ಲಿರುವ ಮೂಲ ಫೈಲನ್ನಾದರೂ ಠಾಣೆಗೆ ಕೊಡುತ್ತೇನೆ ಎಂದದ್ದಕ್ಕೆ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ನಾನು ಹಕ್ಕಿಯ ಫೋಟೋ ತೆಗ್ದದ್ದು,” ಎಂದರು. “ರಸ್ತೆಯಲ್ಲಿ ಯಾರು ನಿಂತಿದ್ರು ಅಂತ ನೋಡುದು ನನ್ನ ಕೆಲಸವಾ? ನಿಮ್ಮ ಹತ್ರ ಇರುದು ಒಂದು ಬಿಳಿ ಚುಕ್ಕೆ. ಅದರಿಂದ ಅವನಿಗೆ ಎಂತ ಉಪಕಾರ? ನನ್ನ ಮರ್ಯಾದೆ ಹೋಗುದು ಮಾತ್ರ ಗ್ಯಾರಂಟಿ. ಮತ್ತೆ, ವ್ಯಾನನ್ನು ಅಳಿಸಿದವ್ರು ನೀವು. ಅದನ್ನೂ ನೆನಪಿಡಿ.”

ಅವರನ್ನು ಮುಂದಿನ ಸ್ಪರ್ಧೆಗೆ ತೀರ್ಪುಗಾರರಾಗಿ ಕರೆದಿದ್ದರಂತೆ. ಅದನ್ನೂ ಹೇಳಿದರು. ಮಾತು ಮುಗಿದ ಮೇಲೆ, ಏನೂ ಆಗದವರಂತೆ, ಸೆನ್ಸರಿನಲ್ಲಿ ಧೂಳು ಕಾಣುತ್ತಿದೆ, ಶನಿವಾರ ಸಫಾರಿಗೆ ಹೋಗುವುದಿದೆ, ಕ್ಯಾಮೆರಾ ಕಳಿಸುತ್ತೇನೆ, ಶುಕ್ರವಾರ ಸಂಜೆಗೆ ಸ್ವಚ್ಛ ಮಾಡಿಡಿ ಎಂದರು. ನನ್ನ ಮೇಲೆ ಅವರಿಗೆ ಅಷ್ಟು ಭರವಸೆ. ನಾನೂ ಆಗಲಿ ಎಂದು ಬಂದೆ.

ಸೆನ್ಸರ್ ಸ್ವಚ್ಛಗೊಳಿಸುವುದು ನಿಧಾನದ ಕೆಲಸ. ಮೊದಲು ಬಿಳಿ ಗೋಡೆಯನ್ನು ಲೆನ್ಸಿನ ಕಿಂಡಿ ಸಣ್ಣದು ಮಾಡಿ ತೆಗೆಯಬೇಕು. ಆಗ ಧೂಳಿನ ಕಣಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಗಾಳಿ ಊದಬೇಕು, ಪುನಃ ತೆಗೆದು ನೋಡಬೇಕು. ಹೋಗದಿದ್ದರೆ ದ್ರಾವಣ ಹಚ್ಚಿದ ಮೆತ್ತನೆಯ ಕಡ್ಡಿಯನ್ನು ಒಂದೇ ಒತ್ತಡದಲ್ಲಿ, ಒಂದು ಬದಿಯಿಂದ ಇನ್ನೊಂದು ಬದಿಗೆ ಎಳೆಯಬೇಕು. ಹಿಂದಕ್ಕೆ ಎಳೆಯುವಂತಿಲ್ಲ. ಗುರುವಾರ ಮಧ್ಯಾಹ್ನ ಕ್ಯಾಮೆರಾವನ್ನು ಮೇಜಿಗೆ ತೆಗೆದುಕೊಂಡೆ. ಕಾರ್ಡಿನ ಮುಚ್ಚಳ ತೆರೆದರೆ ಮೇಲಿನ ಜಾಗದಲ್ಲಿ ಕಾರ್ಡು ಇರಲಿಲ್ಲ, ತೆಗೆದೇ ಕಳಿಸಿದ್ದರು. ಆದರೂ ಗೋಡೆಯ ಚಿತ್ರ ಹೊಡೆದಾಗ ಪರದೆಯಲ್ಲಿ ಚಿತ್ರ ಮೂಡಿತು, ಉಳಿಯಿತು ಕೂಡ.

ಆಗ ನೆನಪಾಯಿತು. ಈ ಕ್ಯಾಮೆರಾಕ್ಕೆ ಕಾರ್ಡು ಹಾಕುವ ಜಾಗ ಎರಡು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು, ತೆಗೆದದ್ದರ ನಕಲು ಎರಡನೆಯದರಲ್ಲೂ ಬೀಳುವಂತೆ ನಾನೇ ಸೆಟ್ ಮಾಡಿದ್ದೆ. ಒಳಗಿನ ಆ ಜಾಗಕ್ಕೆ ದೊಡ್ಡದೊಂದು ಕಾರ್ಡನ್ನೂ ಹಾಕಿಕೊಟ್ಟಿದ್ದೆ. ತೋರಿಸಿಯೂ ಇದ್ದೆ, ಅವರು ಮೊಬೈಲ್ ನೋಡುತ್ತಿದ್ದ ಆ ಅರ್ಧ ಗಂಟೆಯಲ್ಲಿ. ಮನೆಯ ಕಂಪ್ಯೂಟರಿನಿಂದ, ಮೇಲಿನ ಕಾರ್ಡಿನಿಂದ ಅವರು ಏನೇ ಅಳಿಸಿರಲಿ, ಎರಡನೆಯದು ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ.

ರಿಪೇರಿಯವನಿಗೆ ಒಂದೇ ಒಂದು ನೇಮ. ಗಿರಾಕಿಯ ಚಿತ್ರಗಳನ್ನು ನೋಡಬಾರದು. ಬರೀ ಬಾಯಿಮಾತಿನ ನೇಮವಲ್ಲ ಅದು. ಅದು ಹೋದರೆ ಅಂಗಡಿಗೆ ಯಾರೂ ಬರುವುದಿಲ್ಲ. ನಾನು ಹಿಂದಕ್ಕೆ ಹೋಗುವ ಗುಂಡಿ ಒತ್ತಿದೆ. ಒತ್ತುತ್ತಲೇ ಹೋದೆ. ಮದುವೆಯೊಂದು ದಾಟಿತು, ಒಂದು ಹುಟ್ಟುಹಬ್ಬ ದಾಟಿತು, ನವೆಂಬರ್ ಬಂತು. ಬೆಳ್ಳಕ್ಕಿ ಏಳುವ ಸರಣಿಯಲ್ಲಿ ನಲವತ್ತರಷ್ಟು ಚಿತ್ರ. ಮೊದಲಿನವೆಲ್ಲ ಹಕ್ಕಿ ಸ್ಪಷ್ಟ. ನಡುವೆ ಐದು ಚಿತ್ರಗಳಲ್ಲಿ ಹಕ್ಕಿ ಹತ್ತಿಯ ಉಂಡೆಯಾಗಿ, ಹಿಂದೆ ಎಲ್ಲವೂ ನೆಟ್ಟಗೆ ಎದ್ದು ನಿಂತಿತು: ಹಾಕಿದ ಗೇಟು, ಹೋಗುತ್ತಿರುವ ರೈಲು, ಬಿಳಿ ವ್ಯಾನು, ಹಳದಿ ಪಟ್ಟಿಯ ಮೇಲೆ ಶಾಲೆಯ ಹೆಸರು, ನಂಬರ್ ಪ್ಲೇಟಿನ ನಾಲ್ಕೂ ಅಂಕಿ.

ಕ್ಯಾಮೆರಾ ಆರಿಸಿ ಮೇಜಿನ ಮೇಲಿಟ್ಟೆ. ಸಂತೋಷ ಏನೂ ಆಗಲಿಲ್ಲ. ಕಾರ್ಡನ್ನು ನಕಲು ಮಾಡಿಕೊಂಡು, ಸ್ವಚ್ಛ ಮಾಡಿದ ಕ್ಯಾಮೆರಾವನ್ನು ಹಿಂದೆ ಕೊಟ್ಟು, ಚಿತ್ರವನ್ನು ಹೆಸರಿಲ್ಲದೆ ಆ ಹೆಂಗಸಿನ ಕೈಗೆ ಮುಟ್ಟಿಸುವುದು ನನ್ನ ಮೊದಲ ಯೋಚನೆ. ಅದರಲ್ಲಿ ನಾನು ಎಲ್ಲಿಯೂ ಬರುತ್ತಿರಲಿಲ್ಲ. ಆದರೆ ಅಷ್ಟು ಸಾಕೇ ಎಂದು ಕೇಳಲು ಸಂಜೆ ಚಾಲಕನ ಪರವಾಗಿದ್ದ ವಕೀಲರನ್ನು ಹುಡುಕಿಕೊಂಡು ಹೋದೆ. ಚಿಕ್ಕ ವಯಸ್ಸಿನ ಹೆಂಗಸು, ಮಾತು ಕಡಿಮೆ. ಹೆಸರಿಲ್ಲದ ಚಿತ್ರವನ್ನು ಯಾರೂ ನಂಬುವುದಿಲ್ಲ, ವ್ಯಾನನ್ನು ಅಳಿಸಲು ಬರುತ್ತದೆ ಎಂದಾದರೆ ಸೇರಿಸಲೂ ಬರುತ್ತದೆ ಎನ್ನುತ್ತಾರೆ ಎಂದರು. ಕಾರ್ಡು ಕ್ಯಾಮೆರಾದಲ್ಲಿ ಇದ್ದ ಹಾಗೆಯೇ ಠಾಣೆಯವರ ಕೈಗೆ ಹೋಗಬೇಕು. ಅದು ಅಲ್ಲಿ ಇದೆಯೆಂದು ನನಗೆ ಹೇಗೆ ಗೊತ್ತು, ಕ್ಲಿನಿಕ್ಕಿನ ಗೋಡೆಯ ಚಿತ್ರದಲ್ಲಿ ವ್ಯಾನು ಯಾಕಿಲ್ಲ, ಎರಡನ್ನೂ ನಾನು ಬರೆದು ಸಹಿ ಹಾಕಬೇಕು.

“ಬರೆದ್ರೆ ನಿಮ್ಮ ಅಂಗಡಿಗೆ ತೊಂದರೆ ಆಗ್ತದೆ,” ಎಂದರು. “ಅದನ್ನು ನಾನು ಮೊದಲೇ ಹೇಳ್ಬೇಕು.”

ಶುಕ್ರವಾರ ಬೆಳಿಗ್ಗೆ ಠಾಣೆಗೆ ಹೋಗಿ ಬರೆದುಕೊಟ್ಟೆ. ದಣಿದ ಮುಖದ ಅಧಿಕಾರಿ ಅದನ್ನು ಎರಡು ಸಲ ಓದಿದರು. ವ್ಯಾನನ್ನು ಯಾಕೆ ತೆಗೆದದ್ದು ಎಂದು ಕೇಳಿದರು. ಚಂದ ಕಾಣುವುದಿಲ್ಲ ಎಂದು, ಎಂದೆ. ಅವರು ನನ್ನ ಮುಖ ನೋಡಿ, ಆ ಮಾತನ್ನು ಹಾಗೆಯೇ ಬರೆದುಕೊಂಡರು. ಗೇಟಿನ ರಿಜಿಸ್ಟರು ತರಿಸಿ ನೋಡಬೇಕು, ಕ್ಯಾಮೆರಾ ವಶಕ್ಕೆ ಪಡೆಯಲು ಸಂಜೆಯೊಳಗೆ ಜನ ಕಳಿಸುತ್ತೇವೆ, ಅಲ್ಲಿಯವರೆಗೆ ಅದನ್ನು ಯಾರಿಗೂ ಕೊಡಬೇಡಿ ಎಂದರು.

ಠಾಣೆಯವರಿಗಿಂತ ಮೊದಲು ದಂತವೈದ್ಯರು ಬಂದರು. ನಾಲ್ಕೂವರೆ ಗಂಟೆ. ಸಫಾರಿಯ ಅಂಗಿಯಲ್ಲೇ ಇದ್ದರು, ಎದೆಯಲ್ಲಿ ಎಂಟು ಜೇಬು. ಕ್ಯಾಮೆರಾ ಆಯಿತಾ ಎಂದು ಕೇಳಿದರು. ಆಗಿದೆ, ಆದರೆ ಈಗ ಕೊಡಲಾಗುವುದಿಲ್ಲ ಎಂದೆ. ಎರಡನೆಯ ಕಾರ್ಡಿನ ವಿಷಯ ಹೇಳಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ತಮ್ಮ ಕ್ಯಾಮೆರಾದ ಬಗ್ಗೆ ಅವರು ಮೊದಲ ಸಲ ಏನನ್ನಾದರೂ ಕಲಿಯುತ್ತಿದ್ದದ್ದು ಅದು.

“ನನ್ನ ಕಾರ್ಡು ನೋಡ್ಲಿಕ್ಕೆ ನಿಮಗೆ ಹಕ್ಕು ಕೊಟ್ಟದ್ದು ಯಾರು?”

“ಯಾರೂ ಕೊಡ್ಲಿಲ್ಲ. ನೋಡಿದ್ದು ತಪ್ಪು. ಅದನ್ನೂ ಬರೆದು ಕೊಟ್ಟಿದ್ದೇನೆ.”

“ಕ್ಯಾಮೆರಾ ನನ್ನದು.”

“ಹೌದು. ಠಾಣೆಯವರು ಬರ್ತಾರೆ, ಅವರ ಎದುರು ಮಾತಾಡುವ.”

ಅವರು ಕೌಂಟರಿನ ಈಚೆ ಕೈ ಚಾಚಿದರು. ಕ್ಯಾಮೆರಾ ನನ್ನ ಹಿಂದಿನ ಕಪಾಟಿನಲ್ಲಿತ್ತು, ಕೀಲಿ ನನ್ನ ಜೇಬಿನಲ್ಲಿ. ನಾನು ಎದ್ದು ಕಪಾಟಿಗೆ ಬೆನ್ನು ಕೊಟ್ಟು ನಿಂತೆ. ಐವತ್ತು ದಾಟಿದ ಇಬ್ಬರು ಗಂಡಸರು ಒಂದು ಬೆಳ್ಳಕ್ಕಿಯ ವಿಷಯಕ್ಕೆ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದೆವು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಸ್ಕ್ರೂ ಡ್ರೈವರ್ ಹಿಡಿಯುವವನ ಹತ್ತಿರ ಇಷ್ಟು ವರ್ಷ ಸಮಾನವಾಗಿ ಮಾತಾಡಿದ್ದು ತನ್ನದೇ ತಪ್ಪು ಎಂದರು. ಕ್ಲಬ್ಬಿನ ಒಬ್ಬನೂ ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಎಂದರು. ಆ ಮಾತನ್ನು ಉಳಿಸಿಕೊಂಡರು. ಕ್ಲಬ್ಬಿನವರು ಈಗ ಧೂಳು ತೆಗೆಸಲು ಮಂಗಳೂರಿಗೆ ಹೋಗುತ್ತಾರೆ. ಬಸ್ಸಿನ ಧೂಳಿನಲ್ಲಿ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ವಾಪಸು ತರುತ್ತಾರೆ.

ಐದೂಕಾಲಕ್ಕೆ ಠಾಣೆಯಿಂದ ಇಬ್ಬರು ಬಂದರು. ದಂತವೈದ್ಯರು ಅವರೆದುರು ಬಹಳ ಸೌಜನ್ಯದಿಂದ ಮಾತಾಡಿದರು. ಸಹಕಾರ ಕೊಡುವುದು ನಾಗರಿಕನ ಕರ್ತವ್ಯ ಎಂದು ಕೂಡ ಹೇಳಿದರು. ಕ್ಯಾಮೆರಾವನ್ನು ಕಾರ್ಡಿನೊಂದಿಗೆ ಚೀಲಕ್ಕೆ ಹಾಕಿ, ಅರಗು ಹಾಕಿ, ಇಬ್ಬರ ಸಹಿಯನ್ನೂ ಪಡೆದರು.

ಗೇಟಿನ ರಿಜಿಸ್ಟರಿನಲ್ಲಿ ಗೇಟು ಹಾಕಿದ ಮತ್ತು ತೆಗೆದ ಹೊತ್ತು ಬರೆದಿತ್ತು. ಮುದುಕರು ಬಿದ್ದದ್ದು ಆ ಎರಡರ ನಡುವೆ. ಹಾಲಿನ ಡೈರಿಯಿಂದ ಆಂಬುಲೆನ್ಸಿಗೆ ಹೋದ ಕರೆಯಿಂದ ಅದು ಮೊದಲೇ ಖಚಿತವಾಗಿತ್ತು. ಕ್ಯಾಮೆರಾದ ಗಡಿಯಾರ ದುಬೈಯ ಹೊತ್ತಿನಲ್ಲಿದ್ದರೂ ಚಿಂತೆ ಇರಲಿಲ್ಲ, ಚಿತ್ರದಲ್ಲಿ ರೈಲು ಇತ್ತು, ಆ ಹೊತ್ತಿಗೆ ಆ ಗೇಟು ದಾಟುವ ರೈಲು ಒಂದೇ. ಒಂದೇ ವ್ಯಾನು ಹತ್ತು ಕಿಲೋಮೀಟರು ದೂರದ ಎರಡು ಕಡೆ ಇರಲಾರದು. ವ್ಯಾನು ಬಿಡುಗಡೆಯಾಗಲು ಇನ್ನೂ ಮೂರು ವಾರ ಹಿಡಿಯಿತು, ಕೇಸಿನಿಂದ ಹೆಸರು ಹೋಗಲು ಅದಕ್ಕಿಂತ ಹೆಚ್ಚು. ಹೊಡೆದದ್ದು ಯಾವ ವಾಹನ ಎಂದು ಇಂದಿಗೂ ಗೊತ್ತಿಲ್ಲ. ಮುದುಕರು ಕೋಲು ಹಿಡಿದು ನಡೆಯುತ್ತಾರಂತೆ, ಹಾಲು ಈಗ ಸೊಸೆ ಒಯ್ಯುತ್ತಾಳಂತೆ.

ಬಹುಮಾನವನ್ನು ದಂತವೈದ್ಯರು ಹಿಂದೆ ಕೊಡಲಿಲ್ಲ. ಚಿತ್ರ ಕ್ಲಿನಿಕ್ಕಿನ ಗೋಡೆಯಲ್ಲೇ ಇದೆ, ಎರಡು ಕಿಟಕಿ ಹೆಚ್ಚಿರುವ ರೈಲಿನೊಂದಿಗೆ. ಹಲ್ಲುನೋವಿನವರು ಅದರ ಕೆಳಗೆ ಕೂತು ಮೊಬೈಲ್ ನೋಡುತ್ತಾರೆ. ಅವರನ್ನು ತೀರ್ಪುಗಾರರಾಗಿ ಕರೆದವರು ಕರೆದದ್ದನ್ನು ರದ್ದು ಮಾಡಲೂ ಇಲ್ಲ. ನಿಯಮದ ಪ್ರತಿಗೆ ಈ ಸಲವೂ ಎಲ್ಲರೂ ಸಹಿ ಹಾಕಿದ್ದಾರೆ ಎಂದು ಕೇಳಿದ್ದೇನೆ. ಇಂಥವರ ಬಗ್ಗೆ ನನಗೆ ಮೊದಲು ಇದ್ದ ತಿರಸ್ಕಾರ ಒಂದು ಕಾಳಿನಷ್ಟೂ ಕಡಿಮೆಯಾಗಿಲ್ಲ. ಆದರೆ ಅದನ್ನು ನಾಲ್ಕು ಜನರೆದುರು ಹೇಳುವಾಗ ಮೊದಲಿನ ರುಚಿ ಬರುವುದಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಚಾಲಕನೇ ಅಂಗಡಿಗೆ ಬಂದ. ನಾನು ಅವನನ್ನು ಎದುರೆದುರು ನೋಡಿದ್ದು ಅದೇ ಮೊದಲು. ಮೂವತ್ತರ ಆಸುಪಾಸಿನವನು, ತೆಳ್ಳಗೆ. ಬೇರೆ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು, ಲೈಸೆನ್ಸಿನ ಕೆಲಸಕ್ಕೆ ಫೋಟೋ ಬೇಕಿತ್ತು. ತೆಗೆದುಕೊಟ್ಟೆ. ಕಾಗದ ಒಣಗುವವರೆಗೆ ಸ್ಟೂಲಿನಲ್ಲಿ ಕೂತ. ಅಕ್ಕ ಸಲಾಂ ಹೇಳಲು ಹೇಳಿದ್ದಾಳೆ ಎಂದ. ಗೋಡೆಯ ಆ ಚಿತ್ರವನ್ನು ತಾನು ನೋಡಿಲ್ಲ, ನಿಮ್ಮಲ್ಲಿದ್ದರೆ ಒಮ್ಮೆ ತೋರಿಸಬಹುದಾ ಎಂದು ಕೇಳಿದ.

ಎರಡನ್ನೂ ಪರದೆಯಲ್ಲಿ ಪಕ್ಕಪಕ್ಕ ಇಟ್ಟೆ. ಎಡಕ್ಕೆ ವ್ಯಾನು ಇದ್ದದ್ದು, ಬಲಕ್ಕೆ ಇಲ್ಲದ್ದು. ಅವನು ಬಹಳ ಹೊತ್ತು ಬಲಗಡೆಯದನ್ನೇ ನೋಡಿದ. ಕೆಲಸ ಚೆನ್ನಾಗಿದೆ, ಗೊತ್ತೇ ಆಗುವುದಿಲ್ಲ ಎಂದ. ಅದರಲ್ಲಿ ಕುಹಕ ಇರಲಿಲ್ಲ.

“ಇಷ್ಟು ಮಸುಕು ಉಂಟಲ್ಲ,” ಎಂದ. “ಅಳಿಸುವಾಗ ಒಳಗೆ ಜನ ಇದ್ದದ್ದು ನಿಮಗೆ ಕಂಡಿರ್ಲಿಕ್ಕಿಲ್ಲ.”

ಹೌದು ಎನ್ನಬಹುದಿತ್ತು. ಉತ್ತರವನ್ನು ಅವನೇ ನನ್ನ ಕೈಗೆ ಕೊಟ್ಟಿದ್ದ.

“ಕಂಡಿತ್ತು,” ಎಂದೆ. “ನಿಮ್ಮ ಮೊಣಕೈ ಕಿಟಕಿಯಿಂದ ಹೊರಗಿತ್ತು, ಮಸುಕಾದ ಕಂದು ಕಲೆಯ ಹಾಗೆ. ಗೇಟಿನ ಪಟ್ಟಿಗೆ ತಾಗಿಕೊಂಡಿತ್ತು. ವ್ಯಾನನ್ನು ಅಳಿಸಿದ ಮೇಲೂ ಅದೊಂದು ಉಳಿದಿತ್ತು. ಅದನ್ನು ಬೇರೆ ಮಾಡಿ ತೆಗೆದೆ.”

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಎಷ್ಟು ಹೊತ್ತು ಬೇಕಾಯಿತು ಎಂದು ಕೇಳಿದ. ಹತ್ತು ನಿಮಿಷ ಎಂದೆ.

ಫೋಟೋಗಳು ಒಣಗಿದ್ದವು. ಕತ್ತರಿಸಿ ಲಕೋಟೆಗೆ ಹಾಕಿ ಕೊಟ್ಟೆ. ಅವನು ಒಂದೊಂದನ್ನೂ ಹೊರತೆಗೆದು, ಎಂಟೂ ಇವೆಯೆಂದು ನೋಡಿ, ಜೇಬಿಗಿಟ್ಟುಕೊಂಡು, ಮಕ್ಕಳನ್ನು ಬಿಡಲಿಕ್ಕುಂಟು ಎಂದು ಎದ್ದು ಹೋದ.